ಮಾಮಾನ ಸೂಜಿಯೂ ನರೋಣಾ ಬಸ್ಸೂ

ನಮ್ಮ ಸೋದರಮಾವ ಒಮ್ಮೆ ಅರ್ಧ ತಾಸು ದೇವರಾಗಿದ್ದರು. ಅವರನ್ನು ಮರಳಿ ಮನುಷ್ಯನನ್ನಾಗಿ ಮಾಡಿದವಳು ನಾನು. ಆ ತಪ್ಪಿಗೆ ಆಳಂದದ ನಮ್ಮ ಓಣಿಯ ಇಬ್ಬರು ಮುದುಕಿಯರು ಕಣ್ಣು ಮುಚ್ಚುವ ತನಕ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ!

ಎಂಬತ್ತರ ದಶಕದ ಮಾತು. ನನಗೆ ನರೋಣಾ ಶಾಲೆಯಲ್ಲಿ ಟೀಚರ್ ಕೆಲಸ, ವಾಸ ಆಳಂದದಲ್ಲಿ ಮಾಮಾನ ಮನೆಯಲ್ಲಿ. ಮಾಮಾನಿಗೆ ಒಂದು ಬಟ್ಟೆ ಅಂಗಡಿ ಇತ್ತು, ಒಂದು ಸಕ್ಕರೆ ಕಾಯಿಲೆ ಇತ್ತು. ಎರಡನ್ನೂ ಒಂದೇ ಗತ್ತಿನಿಂದ ನಡೆಸುತ್ತಿದ್ದರು. ಗುಳಿಗೆ ಕೆಲಸ ಮಾಡದೆ ಹೋದಾಗ ಡಾಕ್ಟರು ದಿನಾ ಇನ್ಸುಲಿನ್ ಸೂಜಿ ಬರೆದುಕೊಟ್ಟರು. ಅದನ್ನು ತಂಪಾಗಿಡಬೇಕು. ಫ್ರಿಜ್ಜು ಎಲ್ಲಿಂದ ತರುವುದು? ಮಣ್ಣಿನ ಗಡಿಗೆಯಲ್ಲಿ ಒದ್ದೆ ಉಸುಕು ತುಂಬಿ, ಅದರೊಳಗೆ ಸೀಸೆ ಹುಗಿದು, ಮನೆಯಲ್ಲಿ ಗಾಳಿಯಾಡುವ ಒಂದೇ ಒಂದು ಮೂಲೆಯಲ್ಲಿ ಇಟ್ಟರು. ಅಲ್ಲಿ ಮಲಗುತ್ತಿದ್ದವಳು ನಾನು, ಜಾಗ ಖಾಲಿ ಮಾಡಬೇಕಾಯಿತು. ಮನೆಗೆ ಬಂದ ಬೀಗರಿಗೂ ಆ ಸೀಸೆಯಷ್ಟು ಮರ್ಯಾದೆ ಸಿಗುತ್ತಿರಲಿಲ್ಲ.

ಆಗ ಸಕ್ಕರೆ ಎಷ್ಟಿದೆ ಎಂದು ತಿಳಿಯಲು ಮೂತ್ರವನ್ನೇ ಕಾಯಿಸಬೇಕಿತ್ತು. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣಕ್ಕೆ ನಾಲ್ಕು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿಯಬೇಕು, ನೀಲಿಯೇ ಉಳಿದರೆ ಕ್ಷೇಮ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಗಂಡಾಂತರ. ಇದನ್ನು ಮಾಮಾ ಎಲ್ಲಿ ಮಾಡುತ್ತಿದ್ದರು ಅಂತೀರಿ? ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ! ಒಂದು ದಿನ ಭೂಸನೂರಿನಿಂದ ಮದುವೆ ಜವಳಿಗೆ ಬಂದ ಹೆಂಗಸೊಬ್ಬಳು ಆ ಕೊಳವೆಯನ್ನೇ ನೋಡುತ್ತ, “ಸಾವ್ಕಾರ್ರ, ಹಿಂತಾದ ಬಣ್ಣದಾಗ ಒಂದು ಸೀರಿ ತಗೀರಿ” ಎಂದಳಂತೆ. ಮಾಮಾ ಮುಖ ಸಡಿಲಿಸದೆ, ಕೊಳವೆಯನ್ನು ಕಪಾಟಿನ ಪಕ್ಕ ಹಿಡಿದು ಬಣ್ಣ ಹೊಂದಿಸಿ ಸೀರೆ ತೆಗೆದುಕೊಟ್ಟರು. ಅಚ್ಚ ಇಟ್ಟಿಗೆ ಬಣ್ಣದ ಸೀರೆ.

ಅದೇ ವರ್ಷ ಗುಲ್ಬರ್ಗಾ ಆಸ್ಪತ್ರೆಯಲ್ಲಿ ಅವರ ಎಡಗಾಲಿನ ಎರಡು ಬೆರಳು ತೆಗೆದರು. ಮನೆಗೆ ಮರಳಿದ ಮಾಮಾ, ಚಪ್ಪಲಿ ಸಡಿಲಾಗಿದೆ, ಅಂಗಡಿಯವನಿಗೆ ವಾಪಸು ಕೊಟ್ಟು ಬನ್ನಿ ಎಂದರು. ನಾವು ನಕ್ಕೆವು. ಮಾಮಾನ ಹೆಂಡತಿ, ನಮ್ಮ ಅತ್ತಿ, ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು.

ಕಣ್ಣೂ ಮಂಜಾಗುತ್ತ ಬಂತು. ಬಣ್ಣ ತಿಳಿಯುತ್ತಿತ್ತು, ಸಿರಿಂಜಿನ ಗೆರೆ ಕಾಣುತ್ತಿರಲಿಲ್ಲ. ಇನ್ನು ಸೂಜಿ ಯಾರು ಹಾಕಬೇಕು? ಕಂಪೌಂಡರ್ ಬೇಡ, ಅವನು ಅದೇ ಕೈಯಿಂದ ಎಮ್ಮೆಗೂ ಚುಚ್ಚುತ್ತಾನೆ ಎಂದು ಮಾಮಾನ ತಕರಾರು. ಅತ್ತಿಯೋ ಸೂಜಿ ಕಂಡರೆ ಕಣ್ಣು ಮುಚ್ಚುವವಳು, ಕಣ್ಣು ಮುಚ್ಚಿ ಚುಚ್ಚಿದರೆ ಅದು ಯಾರ ತೋಳಿಗೆ ಬೀಳುತ್ತದೋ ಯಾರು ಬಲ್ಲರು! ಕಡೆಗೆ ಕೆಲಸ ನನ್ನ ಪಾಲಿಗೆ ಬಂತು. ಸೂಜಿ ಹಾಕಿದ ಅರ್ಧ ತಾಸಿನೊಳಗೆ ಉಣ್ಣಬೇಕು, ಬೆವರಿ ನಡುಗಿದರೆ ತಕ್ಷಣ ಬಾಯಿಗೆ ಸಕ್ಕರೆ ಹಾಕಬೇಕು ಎಂದು ಡಾಕ್ಟರು ನನಗೆ ಎರಡೆರಡು ಸಲ ಹೇಳಿದ್ದರು.

ತೊಡಕು ಇದ್ದದ್ದು ಅಲ್ಲೇ. ಇಷ್ಟಲಿಂಗ ಪೂಜೆಯಾಗದೆ ಮಾಮಾ ಗುಟುಕು ನೀರನ್ನೂ ಮುಟ್ಟಿದವರಲ್ಲ, ಹತ್ತು ವರ್ಷದ ಹುಡುಗನಿದ್ದಾಗಿನಿಂದ. ಪೂಜೆಗೆ ಮೊದಲು ಸ್ನಾನ, ಸ್ನಾನಕ್ಕೆ ನಳದ ಹೊಸ ನೀರೇ ಬೇಕು, ನಳ ಬರುವುದು ಆರು ಗಂಟೆಗೆ. ನನ್ನ ನರೋಣಾ ಬಸ್ಸು ಆರೂವರೆಗೆ. ಹಾಗಾಗಿ ಸೂಜಿ ಮೊದಲು, ಪೂಜೆ ಆಮೇಲೆ, ಊಟ ಕಡೆಗೆ. ಹೇಗೋ ನಡೆದಿತ್ತು.

ಅವತ್ತು ಆರಕ್ಕೆ ನಳ ಬರಲಿಲ್ಲ. ಬಂದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಆದರೂ ಸೂಜಿ ಹಾಕಿ ಬಸ್ಸಿಗೆ ಓಡಿದೆ. ಈಗ ಬರುತ್ತದೆ ಬಿಡು ಎಂದುಕೊಂಡೆ.

ನನ್ನ ಪುಣ್ಯ, ಬಸ್ಸು ಸ್ಟ್ಯಾಂಡಿನಲ್ಲೇ ಕೆಟ್ಟು ನಿಂತಿತು. ಕಾದು ಕಾದು ಎಂಟಕ್ಕೆ ಮನೆಗೆ ಮರಳಿದರೆ ಬಾಗಿಲ ತುಂಬ ಜನ! ನಳ ಏಳು ದಾಟಿದ ಮೇಲೆ ಬಂದಿತ್ತಂತೆ; ಒಳಗೆ ಮಾಮಾ ಸ್ನಾನ ಮುಗಿಸಿ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ಕಣ್ಣು ಅರೆತೆರೆದಿತ್ತು, ಮೈಯೆಲ್ಲ ಬೆವರು, ತುಟಿ ಅದುರುತ್ತಿತ್ತು. ಒಬ್ಬ ಮುದುಕಿ ಕರ್ಪೂರ ಹಚ್ಚಿದ್ದಳು, ಇನ್ನೊಬ್ಬಳು ಅವರ ಎರಡು ಬೆರಳಿಲ್ಲದ ಪಾದಕ್ಕೆ ಹಣೆ ಹಚ್ಚಿದ್ದಳು. ಅತ್ತಿಯ ಕಣ್ಣಲ್ಲಿ ಆನಂದಬಾಷ್ಪ.

“ನಿಮ್ಮ ಮಾಮಾಗ ಶಿವ ಒಲದಾನವ್ವ,” ಎಂದಳು.

ಶಿವ ಒಲಿದಿರಲಿಲ್ಲ, ಶಿವ ಕರೆಯುತ್ತಿದ್ದ. ನೈವೇದ್ಯದ ತಟ್ಟೆಯಲ್ಲಿದ್ದ ಸಕ್ಕರೆಯನ್ನು ಬಾಚಿಕೊಂಡೆ. ಪೂಜೆಗೆ ಕೂತವರನ್ನು ಮುಟ್ಟಬೇಡ ಎಂದು ಮುದುಕಿಯರು ನನ್ನ ಸೆರಗು ಹಿಡಿದೆಳೆದರು. ನಾನು ಒಬ್ಬಳನ್ನು ನೂಕಿಯೇಬಿಟ್ಟೆ. ಮಾಮಾನ ದವಡೆ ಬಿಡಿಸಿ ಕೆನ್ನೆಯೊಳಗೆ ಸಕ್ಕರೆ ತಿಕ್ಕಿದೆ, ಮತ್ತೆ ಮತ್ತೆ ತಿಕ್ಕಿದೆ. ಎಷ್ಟು ಹೊತ್ತೋ ತಿಳಿಯದು. ನಾನೇ ಕೊಂದೆ, ನಾನೇ ಕೊಂದೆ ಎನ್ನುವುದೊಂದೇ ತಲೆಯಲ್ಲಿತ್ತು. ಕಡೆಗೆ ಅವರು ಕಣ್ಣು ತಿರುಗಿಸಿ ನನ್ನನ್ನು ನೋಡಿ, “ಬಸ್ ತಪ್ಪಿತೇನ?” ಎಂದರು. ಲಿಂಗ ಹಿಡಿದ ಬೆರಳು ಅಷ್ಟು ಹೊತ್ತೂ ಸಡಿಲಾಗಿರಲಿಲ್ಲ.

ಡಾಕ್ಟರು ಬಂದವರೇ ಕೆಂಡಾಮಂಡಲ. ಖಾಲಿ ಹೊಟ್ಟೆಗೆ ಸೂಜಿ ಹಾಕಿ ಹೋದವರು ಯಾರು ಎಂದು ನನ್ನನ್ನೇ ನೋಡಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾಮಾ ಹೇಳಿದರು, “ನಾನ ಹಾಕ್ಕೊಂಡೇನ್ರಿ.”

“ನಿಮಗ ಗೆರಿ ಕಾಣಂಗಿಲ್ಲಲ್ರಿ?”

“ಅಂದಾಜಿಲೆ. ನಲವತ್ತು ವರ್ಷ ಅರಿವಿ ಅಳದು ಹರದ ಕೈ ಅದ.”

ಅಂಗಡಿಯಲ್ಲಿ ಗಿರಾಕಿಗೆ ಒಂದು ಗೇಣು ಅಳತೆಯ ಸುಳ್ಳು ಹೇಳದ ಮನುಷ್ಯ!

ಮರುದಿನ ಸಿರಿಂಜು ಹಿಡಿದರೆ ನನ್ನ ಕೈ ನಿಲ್ಲುತ್ತಿಲ್ಲ. ನನ್ನಿಂದಾಗದು, ಕಂಪೌಂಡರನನ್ನೇ ಕರೆಸಿ ಎಂದು ಅಳತೊಡಗಿದೆ. ಮಾಮಾ ಅತ್ತಿಯನ್ನು ಕರೆದು ರೊಟ್ಟಿ ಕೇಳಿದರು. ಸ್ನಾನವಿಲ್ಲ, ಪೂಜೆಯಿಲ್ಲ! ಅತ್ತಿ ಕಲ್ಲಿನಂತೆ ನಿಂತಳು, ಮತ್ತೊಮ್ಮೆ ಕೇಳಿದ ಮೇಲೆ ತಂದಿಟ್ಟು ಗೋಡೆಯ ಕಡೆ ತಿರುಗಿ ನಿಂತಳು. ಮಾಮಾ ಪಕ್ಕದಲ್ಲಿ ರೊಟ್ಟಿಯಿಟ್ಟುಕೊಂಡು ತೋಳು ಚಾಚಿದರು.

“ನೀ ಹಾಕು, ನಿನ್ನೆದುರಿಗೇ ಉಣ್ತೇನಿ. ಶಿವನ ಕೂಡ ನಾ ಮಾತಾಡ್ಕೋತೇನಿ. ನಿನ್ನ ಕೈ ನಡಗಬಾರ್ದವ್ವ, ಅಷ್ಟ.”

ಹಾಕಿದೆ. ಆಮೇಲೆ ಏಳು ವರ್ಷ, ಅವರು ಹೋಗುವ ತನಕ, ದಿನಾ ಹಾಕಿದೆ. ಅತ್ತಿಯ ಅಡುಗೆಯಲ್ಲಿ ಕೊಂಕು ತೆಗೆಯದೆ ಎಂದೂ ಉಣ್ಣದ ಮನುಷ್ಯ, ಪೂಜೆಗೆ ಮುಂಚಿನ ಆ ರೊಟ್ಟಿಯನ್ನು ಮಾತ್ರ ತಲೆ ತಗ್ಗಿಸಿ ಒಂದೂ ಮಾತಾಡದೆ ತಿಂದು ಮುಗಿಸುತ್ತಿದ್ದರು.