ಊರಿಗೆ ಹೆಸರು ಕೊಟ್ಟವಳ ಮುಖ

ಅಂಗಡಿ ಬೋರ್ಡು ಬರೆಯುವ ಬೋರ್ಡಣ್ಣನ ಹೆಂಡತಿ ಅವನ ಜೊತೆ ಮಾತು ಬಿಟ್ಟು ಎಂಟು ದಿನವಾಗಿತ್ತು. ತಪ್ಪು ಅವನದೇ ಬಿಡಿ. "ಸೋಪಿನ ಬೋರ್ಡಿಗೂ ಹೆಂಗಸಿನ ಮುಖ ಬರೀತೀರಿ, ನನ್ನನ್ನ ಯಾವತ್ತಾದ್ರೂ ಬರೆದಿದ್ದೀರಾ?" ಅಂತ ಅವಳು ಕೇಳಿದರೆ, ಈ ಮಹಾನುಭಾವ "ನಿನ್ನನ್ನ ದಿನಾ ನೋಡ್ತೀನಲ್ಲ" ಅಂದುಬಿಟ್ಟಿದ್ದ. ಅಲ್ಲಿಂದ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು.

ಅಷ್ಟರಲ್ಲಿ ಹಳೇ ಗುರುದ್ವಾರದಲ್ಲಿ ಗ್ರಂಥ ಓದುವ ಅಜ್ಜ ಹೇಳಿಕಳಿಸಿದರು. ಅಲ್ಲಿನ ಊಟದ ಮನೆಯ ಗೋಡೆ ಮೇಲೆ ಊರಿಗೆ ಹೆಸರು ಬಂದ ಕತೆಯ ಚಿತ್ರವಿದೆ. ಹಸಿದು ಬಂದ ಗುರುಗಳಿಗೂ ಜೊತೆಯವರಿಗೂ ಒಬ್ಬ ಹೆಣ್ಣುಮಗಳು ಮನೆಯಲ್ಲಿದ್ದ ರೊಟ್ಟಿಯನ್ನೆಲ್ಲ ಬಡಿಸಿ, ತಾನು ಉಪವಾಸ ಬಾಗಿಲ ಹಿಂದೆ ನಿಂತಳಂತೆ. ಆಕೆ ಬಂದು ಸಾಲಿನಲ್ಲಿ ಕೂರುವವರೆಗೂ ತುತ್ತು ಮುಟ್ಟುವುದಿಲ್ಲ ಅಂದರಂತೆ ಗುರುಗಳು. ಊರಿಗೆ ಆಕೆಯ ಹೆಸರೇ ನಿಂತಿತು. ಈಗ ಗೋಡೆಗೆ ತೇವ ಹತ್ತಿ, ಸರಿಯಾಗಿ ಆಕೆಯ ಮುಖವೇ ಉದುರಿಹೋಗಿತ್ತು; ಅದನ್ನು ಮತ್ತೆ ಬರೆಯಬೇಕಿತ್ತು.

ಬೋರ್ಡಣ್ಣನ ತಲೆ ಓಡಿತು. ಹೆಂಡತಿ ದಿನಾ ಸಂಜೆ ಅಲ್ಲಿಗೇ ರೊಟ್ಟಿ ಲಟ್ಟಿಸಲು ಬರುತ್ತಾಳೆ. ಗೋಡೆಯ ಮೇಲೆ ತನ್ನ ಮುಖ ಕಂಡರೆ ಮಾತಾಡದೆ ಇರುತ್ತಾಳೆಯೇ? ತಲೆಗೆ ವಸ್ತ್ರ ಕಟ್ಟಿ ಏಣಿ ಹತ್ತಿದ. ಹತ್ತು ಗಂಟೆಗೆಲ್ಲ ಹೆಂಡತಿ ಗೋಡೆಯಿಂದ ಅವನನ್ನೇ ನೋಡುತ್ತಿದ್ದಳು.

ಹಾಲಿನವನು ಬಂದ. ಅಷ್ಟು ಜನಕ್ಕೆ ಬಡಿಸಿ ಸುಸ್ತಾದವಳ ಕಣ್ಣು ಇಷ್ಟು ಚುರುಕಾಗಿರುತ್ತಾ, ಕೆಳಗೆ ಒಂದೆರಡು ಸುಕ್ಕು ಹಾಕಪ್ಪ ಅಂದ. ಬೋರ್ಡಣ್ಣ ದಾಕ್ಷಿಣ್ಯದ ಮನುಷ್ಯ, ಹಾಕಿದ. ಉಪವಾಸ ಇದ್ದವಳ ಕೆನ್ನೆ ತುಂಬಿಕೊಂಡಿದ್ದರೆ ಯಾರು ನಂಬುತ್ತಾರೆ ಅಂತ ರಿಟೈರಾದ ಪೋಸ್ಟ್‌ಮ್ಯಾನ್ ಕೆನ್ನೆ ಬತ್ತಿಸಿದರು. ದರ್ಜಿಯಮ್ಮ ನಾಲ್ಕು ನರೆಕೂದಲು ಬೇಕೇ ಬೇಕೆಂದು ಏಣಿಯ ಕೆಳಗೆ ಕೂತರು. ಇದು ನನ್ನ ಹೆಂಡತಿ, ಬಿಟ್ಟುಬಿಡಿ ಅನ್ನೋಣವೆಂದರೆ ಊರೆಲ್ಲ ನಗುತ್ತದೆ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅವನು ತಿದ್ದಿದ್ದೇ ತಿದ್ದಿದ್ದು.

ಸಂಜೆ ಹೆಂಡತಿ ಬಂದಳು. ಮೇಲೆ ನೋಡಿದವಳು ಹಾಗೇ ನಿಂತುಬಿಟ್ಟಳು, ಕಣ್ಣು ತುಂಬಿತು. ಗೆದ್ದೆ ಅಂದುಕೊಂಡು ಬೋರ್ಡಣ್ಣ ದಡಬಡ ಇಳಿದ. ಅವಳ ಪಕ್ಕ ನಿಂತು ಮೊದಲ ಸಲ ದೂರದಿಂದ ನೋಡಿದ.

ಗೋಡೆಯ ಮೇಲೆ ಇದ್ದದ್ದು ಅವನ ಅಮ್ಮ. ಎಲ್ಲರಿಗೂ ಬಡಿಸಿ ಹಸಿದು ದಣಿದ ಹೆಂಗಸು ಅಂದರೆ ಅವನ ಕೈಗೆ ಗೊತ್ತಿದ್ದ ಮುಖ ಅದೊಂದೇ. ಆಕೆ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ಕಡೆಗಾಲದಲ್ಲಿ ಆಕೆಗೆ ತುತ್ತಿಟ್ಟವಳು ಈ ಸೊಸೆಯೇ.

ಹೆಂಡತಿ ಕಣ್ಣೊರೆಸಿಕೊಂಡು, ಗಂಡನ ಕಡೆ ತಿರುಗದೆ ಅಜ್ಜನಿಗೆ ಹೇಳಿದಳು. "ಅಜ್ಜಾ, ಅತ್ತೆಯವರ ಎಡಗೆನ್ನೆ ಮೇಲೆ ಒಂದು ಮಚ್ಚೆ ಇತ್ತು. ಇಡೋಕೆ ಹೇಳಿ ಇವರಿಗೆ."

ಬೋರ್ಡಣ್ಣ ಮತ್ತೆ ಏಣಿ ಹತ್ತಿದ. ಅವಳೇ ಬಂದು ಏಣಿ ಗಟ್ಟಿಯಾಗಿ ಹಿಡಿದುಕೊಂಡಳು. ಸದ್ಯ, ಎಲ್ಲ ಸರಿಹೋಯಿತು ಅಂತ ಅವನು ಕೆಳಗೆ ನೋಡಿ ನಕ್ಕ.

ಅವಳು ಅಜ್ಜನ ಕಡೆಗೇ ನೋಡುತ್ತ ಅಂದಳು, "ನನ್ನ ಮುಖಕ್ಕೆ ಬೇರೆ ಗೋಡೆ ಹುಡುಕೋಕೆ ಹೇಳಿ ಇವರಿಗೆ. ಅಲ್ಲಿವರೆಗೂ ಮಾತಿಲ್ಲ."