ಅವ್ವನ ವಿಮಾನ, ನನ್ನ ಹಡಗು

ಹೆದರಿಕೆಯಲ್ಲಿ ಎರಡು ಜಾತಿ. ಹಾವು, ಹುಚ್ಚುನಾಯಿ, ಮೇಲಧಿಕಾರಿ, ಇವಕ್ಕೆಲ್ಲ ಹೆದರಿದರೆ ಜನ ಹೌದೆಂದು ತಲೆದೂಗುತ್ತಾರೆ. ಇನ್ನೊಂದು ಜಾತಿಯ ಹೆದರಿಕೆಗೆ ಮರ್ಯಾದೆಯೇ ಇಲ್ಲ. ನನ್ನದು ಆ ಎರಡನೆಯದು. ನನಗೆ ಎತ್ತರವೆಂದರೆ ಭಯ. ತಮಿಳು ಸೀಮೆಯ ಪಾಲಕೋಡಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು ನಾನು. ಹಾಯುವ ಹೋರಿಯ ಪಕ್ಕದಲ್ಲಿ ನಿಂತು ಸೂಜಿ ಚುಚ್ಚಿದ್ದೇನೆ, ಎಮ್ಮೆಯ ಬಾಯಿಗೆ ಮೊಣಕೈವರೆಗೆ ಕೈ ಹಾಕಿ ಗಂಟಲಲ್ಲಿ ಸಿಕ್ಕಿಕೊಂಡ ಮಾವಿನ ವಾಟೆ ತೆಗೆದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಹುಣಸೆಹಣ್ಣಿನ ಮಡಕೆ ಬೇಕಾದರೆ ಏಣಿ ಹತ್ತುವವಳು ಹೆಂಡತಿ ಜಯಮ್ಮ. ಕೆಳಗೆ ನಿಂತು ಏಣಿ ಹಿಡಿದುಕೊಳ್ಳುವುದು ನನ್ನ ಪಾಲಿನ ಶೌರ್ಯ. ಆಗಲೂ ನಾನು ಮೇಲೆ ನೋಡುವುದಿಲ್ಲ.

ಇಂಥ ನನ್ನ ಬಾಳಿಗೆ ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಸಮುದ್ರ ಅಡ್ಡ ಬಂತು. ನನ್ನ ತಂಗಿ ಕಮಲ ಮದುವೆಯಾಗಿ ಅಂಡಮಾನಿನ ಪೋರ್ಟ್ ಬ್ಲೇರ್ ಸೇರಿದ್ದಳು. ಸೇಲಂ ಕಡೆಯ ಮಗ್ಗದ ಮನೆಯವನಾದ ಅವಳ ಗಂಡ ಅಲ್ಲಿ ಟಿಫಿನ್ ಅಂಗಡಿ ಇಟ್ಟಿದ್ದ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಅವ್ವ ಹರಕೆ ಹೊರದ ದೇವರಿಲ್ಲ ಎನ್ನುವ ಹೊತ್ತಿಗೆ, ಹೆಣ್ಣುಮಗು ಹುಟ್ಟಿತು. ಎಸ್‌ಟಿಡಿ ಬೂತಿಗೆ ಫೋನು ಬಂತು. ಅವ್ವ ರಿಸೀವರನ್ನು ತಲೆಕೆಳಗಾಗಿ ಹಿಡಿದು, ಬೂತಿನ ಗಾಜು ಅದುರುವಂತೆ ಕೂಗಿದಳು. ಆಚೆಯಿಂದ ಕಮಲ ಹೇಳಿದ್ದು ಇಷ್ಟು: "ಅಣ್ಣ, ಮಗೀಗೆ ಎಸರಿಟ್ಟು ಕಿವಿ ಚುಚ್ಚಬೇಕು. ಸ್ವಾದರಮಾವನ ತೊಡೆ ಇಲ್ದೆ ನಾನು ಮಾಡಾಕಿಲ್ಲ. ಅವ್ವನ್ನ, ಅತ್ತಿಗೇನ ಕರ್ಕೊಂಡು ನೀನು ಬರ್ಲೇಬೇಕು."

ಬರುತ್ತೇನೆ ಎಂದೆ. ತಂಗಿಗೆ ಮಾತು ಕೊಡುವಾಗ ಅಣ್ಣಂದಿರು ಭೂಪಟ ನೋಡುವುದಿಲ್ಲ.

ಅಂದು ಸಂಜೆಯೇ ಜಗಲಿಯ ಮೇಲೆ ಸಭೆ ಸೇರಿತು. ಮೊರಪ್ಪೂರಿನಲ್ಲಿ ರೈಲು ಹತ್ತಿ ಮದ್ರಾಸು ಮುಟ್ಟುವವರೆಗೆ ಯಾರದೂ ತಕರಾರಿರಲಿಲ್ಲ. ಮದ್ರಾಸಿನ ಆಚೆ ಏನು ಎಂಬಲ್ಲಿ ಮನೆ ಮೂರು ಪಾಲಾಯಿತು. ಅವ್ವನಿಗೆ ರೈಲು ಬಿಟ್ಟು ಇಳಿಯುವ ಮನಸ್ಸೇ ಇಲ್ಲ. ಹಿಂದೊಮ್ಮೆ ರಾಮೇಶ್ವರಕ್ಕೆ ಹೋಗಿದ್ದಾಗ ರೈಲು ಸಮುದ್ರದ ಮೇಲಿನ ಸೇತುವೆಯಲ್ಲಿ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಆಗ್ಲೇ ಅರ್ಧ ಸಮುದ್ರ ದಾಟಿ ಬುಟ್ಟಿತ್ತಲ್ಲ ಕಣ್ಲಾ. ಅಂಗೇ ಇನ್ನೊಂಚೂರು ಮುಂದುಕ್ಕೆ ಓಡಿಸಿದ್ರೆ ಕಮಲೀ ಊರು ಬತ್ತದೆ."

"ಅದು ಬೇರೆ ಕಡೆ ಐತೆ ಅವ್ವ. ಅಲ್ಲಿಗೆ ಕಂಬಿ ಇಲ್ಲ."

"ಕಂಬಿ ಆಕೋಕೆ ಏಳು! ಗೋರ್ಮೆಂಟು ಕೆಲ್ಸದಾಗೆ ಇದ್ದೀಯಲ್ಲ, ಏನಕ್ಕೆ ಇದ್ದೀಯ?"

ಜಯಮ್ಮನದು ವಿಮಾನದ ಪಕ್ಷ. "ಎರಡು ಗಂಟೇಲಿ ಓಗ್ಬಹುದಂತೆ. ಮೋಡ ಮೇಲಿಂದ ನೋಡೋಕೆ ಎಂಗಿರ್ತದೋ, ಸಾಯೋ ಒಳಗೆ ಒಂದು ಸತಿ ನೋಡ್ಬೇಕು" ಎಂದಳು. ಆ ಮಾತಿನಲ್ಲಿ ನನಗೆ ಕೇಳಿಸಿದ್ದು 'ಸಾಯೋ' ಎಂಬುದೊಂದೇ. ನಾನು ಹಡಗಿನ ಪಕ್ಷ ಹಿಡಿದೆ. ಹಡಗು ನೀರಿನ ಮೇಲೆ ಹೋಗುತ್ತದೆ, ನೀರು ನೆಲದ ಮೇಲೆ ಕೂತಿದೆ, ಆದ್ದರಿಂದ ಹಡಗೆಂದರೆ ಹೆಚ್ಚುಕಡಿಮೆ ನೆಲವೇ ಎಂದು ವಾದಿಸಿದೆ. ಹಡಗಿನಲ್ಲಿ ಅವ್ವ ಕಾಲು ಚಾಚಿ ಮಲಗಬಹುದು, ವಿಮಾನದಲ್ಲಿ ಕಿವಿ ನೋಯುತ್ತದೆ ಎಂದೆಲ್ಲ ಹೇಳಿ, ನನ್ನ ಭಯವನ್ನು ಅವ್ವನ ಸೆರಗಿನಲ್ಲಿ ಕಟ್ಟಿದೆ. ಜಯಮ್ಮ ಅಟ್ಟದ ಕಡೆಗೊಮ್ಮೆ ನೋಡಿ, ನನ್ನ ಕಡೆಗೊಮ್ಮೆ ನೋಡಿದಳು.

ಪರೀಕ್ಷೆ ಮಾಡಿಬಿಡೋಣ ಎಂಬ ಸಲಹೆ ನನ್ನದೇ. ನೀರಿನ ಪ್ರಯಾಣ ಅವ್ವನ ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ತಿಳಿಯಲು ಒಂದು ಭಾನುವಾರ ಎಲ್ಲರೂ ಹೊಗೇನಕಲ್ಲಿಗೆ ಹೋಗಿ ಹರಿಗೋಲು ಹತ್ತಿದೆವು. ಬುಟ್ಟಿಯಂಥ ಆ ದೋಣಿಯಲ್ಲಿ ಅವ್ವ ದೇವರ ಪೀಠದಲ್ಲಿ ಕೂತಂತೆ ಕೂತಳು. ಎರಡು ಬಂಡೆಗಳ ನಡುವೆ ನೀರು ನಿಂತ ಕಡೆ ಬಂದಾಗ ಹರಿಗೋಲಿನವನು, "ಪಾಟಿ, ಸುತ್ತಲಾಮಾ?" ಎಂದ. ಅಜ್ಜಿ, ತಿರುಗಿಸಲಾ ಎಂದು ಅವನು ಕೇಳಿದ್ದು. ನಾನು ಬೇಡ ಎನ್ನುವ ಮೊದಲೇ ಅವ್ವ, "ಸುತ್ತು ಸಾಮಿ!" ಅಂದುಬಿಟ್ಟಳು. ಬಂಡೆ, ಆಕಾಶ, ಜಯಮ್ಮ, ಮತ್ತೆ ಬಂಡೆ, ಎಲ್ಲವೂ ನನ್ನ ಸುತ್ತ ಗಾಣದ ಎತ್ತಿನಂತೆ ತಿರುಗಿದವು. ಅವ್ವ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಬೆಳಗ್ಗೆ ತಿಂದ ಇಡ್ಲಿಯನ್ನು ನಾನು ಕಾವೇರಿಗೆ ಅರ್ಪಿಸಿದೆ. ದಡದಲ್ಲಿ ಎಣ್ಣೆ ತಿಕ್ಕುವವನೊಬ್ಬ ನನ್ನ ತಲೆ ತಟ್ಟುತ್ತಿದ್ದರೆ, ಅವ್ವ ಹರಿಗೋಲಿನವನ ಹತ್ತಿರ ಇನ್ನೊಂದು ಸುತ್ತಿನ ಮಾತು ನಡೆಸಿದ್ದಳು.

ನಾನು ಸೋಲೊಪ್ಪಲಿಲ್ಲ. ತಿರುಗುವುದು ಹರಿಗೋಲಿನ ಗುಣ, ಹಡಗು ನೆಟ್ಟಗೆ ಹೋಗುತ್ತದೆ ಎಂದೆ. "ಅಂಗಾದ್ರೆ ಇಮಾನಾನೂ ನೋಡ್ಬಿಡಾನ" ಎಂದಳು ಜಯಮ್ಮ. ಕಡಯಂಪಟ್ಟಿಯಲ್ಲಿ ನಮ್ಮ ಚಿಕ್ಕವ್ವ ಇದ್ದಳು. ಅವಳ ಊರಿನ ಹತ್ತಿರ ಆಗಿನ್ನೂ ಹೊಸದಾಗಿ ವಿಮಾನ ಇಳಿಯುವ ಜಾಗ ಮಾಡಿದ್ದರು. ನಾವು ಬೇಲಿಯ ಆಚೆ ಆಡುಗಳ ನಡುವೆ ನಿಂತು ಕಾದೆವು. ಪುಟ್ಟ ವಿಮಾನವೊಂದು ಬಂತು, ಸೊಳ್ಳೆಯಂತೆ ಕೂತಿತು, ಜನ ಕೈಚೀಲ ಹಿಡಿದು ಟೌನ್ ಬಸ್ಸಿನಿಂದ ಇಳಿದ ಹಾಗೆ ಇಳಿದರು. ಅವರಲ್ಲಿ ಅವ್ವನಿಗಿಂತ ವಯಸ್ಸಾದ ಹೆಂಗಸೊಬ್ಬಳು ಮಲ್ಲಿಗೆ ಮುಡಿದು, ಎಲೆ ಅಡಿಕೆ ಅಗಿಯುತ್ತ ನಡೆದುಹೋದಳು. ಅಲ್ಲಿಗೆ ನನ್ನ ವಾದ ಮುಗಿಯಿತು. ಅವ್ವ ಹೇಳಿದಳು: "ಆವಮ್ಮಂಗೇ ಏನೂ ಆಗ್ನಿಲ್ಲ. ನಾನು ಇದ್ರಾಗೇ ಓಗದು."

ಹೀಗೆ ಅತ್ತೆ ಸೊಸೆಗೆ ವಿಮಾನವೆಂದೂ ನನಗೆ ಹಡಗೆಂದೂ ತೀರ್ಮಾನವಾಯಿತು. ಹಡಗು ನಿಧಾನವಾದ್ದರಿಂದ ನಾನು ಮುಂಚೆ ಹೊರಡುವುದು, ಅವರು ಆಮೇಲೆ ಹಾರಿ ಬರುವುದು, ಬಂದವರನ್ನು ಎದುರುಗೊಳ್ಳಲು ನಾನು ಅಲ್ಲಿ ಠೀವಿಯಿಂದ ನಿಂತಿರುವುದು, ಇದು ನನ್ನ ಲೆಕ್ಕಾಚಾರ. ಹಡಗಿಗೆ ಅದು ಗೊತ್ತಿರಲಿಲ್ಲ. ಮದ್ರಾಸು ಬಂದರಿನಲ್ಲಿ ಇವತ್ತು ಹೊರಡುತ್ತದೆ, ನಾಳೆ ಹೊರಡುತ್ತದೆ ಎಂದು ಹೇಳಿಸಿಕೊಳ್ಳುತ್ತ, ಟ್ರಂಕಿನ ಮೇಲೆ ಕೂತು ನಾನು ಹಡಗನ್ನೇ ನೋಡಿದೆ. ಅವ್ವ, ಜಯಮ್ಮ ಮದ್ರಾಸಿಗೆ ಬಂದು, ನನ್ನ ತಲೆಯ ಮೇಲೆಯೇ ಹಾರಿ ಹೋಗಿರಬೇಕು.

ಕೊನೆಗೂ ಹೊರಟ ಮೇಲೆ ತಿಳಿಯಿತು, ಹಡಗು ತಿರುಗುವುದಿಲ್ಲ, ಆದರೆ ತೂಗುತ್ತದೆ. ಹಗಲೂ ಇರುಳೂ ತೂಗುತ್ತದೆ. ಕೆಳಗಿನ ಅಂತಸ್ತಿನಲ್ಲಿ ಸಾಲಾಗಿ ಹಾಕಿದ ಮಂಚಗಳಲ್ಲಿ ನಾವೆಲ್ಲ ನೆರಳಲ್ಲಿ ಒಣಗಲು ಹಾಕಿದ ಸಾಮಾನಿನ ಹಾಗೆ ಬಿದ್ದಿದ್ದೆವು. ಪಕ್ಕದ ಮಂಚದ ಮಧುರೆಯ ಬಡಗಿಯೊಬ್ಬರು ಆಗಾಗ ನಿಂಬೆಹಣ್ಣು ಮೂಸಲು ಕೊಡುತ್ತಿದ್ದರು. ನಾನು ದನದ ವೈದ್ಯದವನೆಂದು ತಿಳಿದು, "ಹಸುವಿಗೆ ಹೀಗಾದರೆ ಏನು ಕೊಡುತ್ತೀರಿ ಸಾರ್?" ಎಂದು ತಮಿಳಿನಲ್ಲಿ ವಿಚಾರಿಸಿದರು. ಹಸು ಇಂಥ ಕಡೆಗೆ ಬರುವುದಿಲ್ಲ, ಅದಕ್ಕೆ ಬುದ್ಧಿ ಇದೆ ಎಂದೆ. ಅಂಥ ಸ್ಥಿತಿಯಲ್ಲೂ ಇಬ್ಬರೂ ನಕ್ಕೆವು. ಆದರೆ ನಗು ಮುಗಿದ ಮೇಲೆ ಬೆರಳು ಮಡಚಿ ದಿನ ಎಣಿಸಿದೆ. ಶಾಸ್ತ್ರಕ್ಕೆ ಇಟ್ಟ ಮುಹೂರ್ತ ಆ ಬೆಳಗ್ಗೆಯೇ ಕಳೆದುಹೋಗಿತ್ತು. ಅಷ್ಟು ವರ್ಷ ಕಾದು ಹೆತ್ತವಳು ಕೇಳಿದ್ದು ಒಂದು ತೊಡೆ. ಅದನ್ನೂ ಹೊತ್ತಿಗೆ ಸರಿಯಾಗಿ ತಲುಪಿಸಲಾಗದೆ ಹೋದೆನಲ್ಲ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಪೋರ್ಟ್ ಬ್ಲೇರಿನ ದಕ್ಕೆಯಲ್ಲಿ ಹಡಗು ನಿಂತಾಗ ಕೆಳಗೆ ಅವ್ವ ನಿಂತಿದ್ದಳು. ಅಲ್ಲಿಗೆ ಬಂದು ವರ್ಷವಾಯಿತೇನೋ ಎನ್ನುವಂತೆ, ಕೂಲಿಯವನಿಗೆ ನನ್ನ ಟ್ರಂಕು ತೋರಿಸಿ ಅಪ್ಪಣೆ ಮಾಡುತ್ತಿದ್ದಳು.

"ಶಾಸ್ತ್ರ ಆಗೋಯ್ತಾ ಅವ್ವ?" ಎಂದೆ.

"ನೀನಿಲ್ದೆ ಎಂಗಾಯ್ತದೆ? ಐನೋರು ಮೂರ್ತ ಮೀರೋಯ್ತು ಅಂದ್ರು. ನನ್ ಮಗ ಬರೋದೇ ಮೂರ್ತ ಅಂದೆ. ಇನ್ನೊಂದಿನ ನೋಡಿ ಕೊಟ್ರು. ಬಾ, ಮೊದ್ಲು ಮಕ ತೊಳ್ಕೋ, ಮಗು ನೋಡಿ ಎದರ್ಕೊಂಡಾತು."

ಮರುದಿನ ನಾನು ಮಣೆಯ ಮೇಲೆ ಕೂತೆ. ಮಗು ಬೆಳಗಿನಿಂದ ಒಂದೇ ಸಮನೆ ಅಳುತ್ತಿತ್ತು. ಕಮಲ ಎತ್ತಿಕೊಂಡಳು, ಅವಳ ಗಂಡ ಎತ್ತಿಕೊಂಡ, ಜಯಮ್ಮ ಹಾಡಿದಳು, ಯಾರಿಗೂ ಬಗ್ಗಲಿಲ್ಲ. ಕೊನೆಗೆ ನನ್ನ ತೊಡೆಗೆ ಹಾಕಿದರು. ಎರಡು ಸಲ ಬಿಕ್ಕಿ, ಕಣ್ಣು ಪಿಳಿಪಿಳಿ ಬಿಟ್ಟು, ಹಾಗೇ ನಿದ್ದೆ ಹೋಯಿತು. ಎಲ್ಲರೂ ಬೆರಗಾದರು. "ನೋಡ್ರವ್ವ, ಮಾವನ ಗುರ್ತು ಇಡೀತು!" ಎಂದು ಕಮಲ ಕಣ್ಣೊರೆಸಿಕೊಂಡಳು. ನಾನು ಗಂಭೀರವಾಗಿ ಕೂತಿದ್ದೆ. ನೆಲದ ಮೇಲೆ ಇಳಿದರೂ ಹಡಗು ನನ್ನೊಳಗಿನಿಂದ ಇನ್ನೂ ಇಳಿದಿರಲಿಲ್ಲ. ನನಗೇ ತಿಳಿಯದೆ ಮೈ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಕಿವಿ ಚುಚ್ಚಿದಾಗ ಮಗು ಕಿಟಾರನೆ ಕಿರುಚಿ, ಮತ್ತೆ ನನ್ನ ತೂಗಾಟಕ್ಕೆ ಮಣಿದು ಮಲಗಿತು. ಈ ಗುಟ್ಟನ್ನು ನಾನು ಕಮಲಳಿಗೆ ಇವತ್ತಿನವರೆಗೂ ಹೇಳಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ, ವಾಪಸು ಹೋಗುವಾಗ ಏನಾದರಾಗಲಿ ನಾನೂ ವಿಮಾನದಲ್ಲೇ ಬರುತ್ತೇನೆ ಎಂದು ಘೋಷಿಸಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾದರೂ ಸರಿ, ಹಡಗಂತೂ ಬೇಡ. ಜಯಮ್ಮ ಸಂತೋಷದಿಂದ ನನಗೆ ಇನ್ನೊಂದು ಮೀನು ಬಡಿಸಿದಳು. ಅವ್ವ ಮಾತ್ರ ಕೈ ಅಲ್ಲಾಡಿಸಿದಳು.

"ನೀವಿಬ್ರೂ ಬೇಕಾದ್ರೆ ಆರ್ಕೊಂಡು ಓಗಿ. ಆ ಏರೋಪ್ಲೇನ್ನಾಗೆ ಏನೈತೆ? ಮೋಡ ಬರೀ ಅತ್ತಿ ಅರಳೆ ಕಂಡಂಗೆ ಕಾಣ್ತದೆ, ಎಲೆ ಅಡಿಕೆ ಆಕ್ಕೊಂಡು ಉಗಿಯೋಕೂ ಜಾಗ ಇಲ್ಲ. ನಾನು ಕಪ್ಪಲ್ನಾಗೆ ಬತ್ತೀನಿ. ನೀರು ನೋಡ್ಕೊಂಡು."

ವಯಸ್ಸಾದ ತಾಯಿಯನ್ನು ಒಬ್ಬಳನ್ನೇ ಸಮುದ್ರಕ್ಕೆ ಬಿಡಲಾದೀತೇ? ತುಣೆಗೆ, ಅಂದರೆ ಜೊತೆಗೆ ಕಾವಲಿಗೆ, ಒಬ್ಬರು ಬೇಕಲ್ಲ. ಜಯಮ್ಮ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಒಬ್ಬಳೇ ಹಾರಿಹೋದಳು. ನಾನು ನಮ್ಮ ಆಸ್ಪತ್ರೆಯ ಡಾಕ್ಟರಿಗೆ ರಜೆ ಮುಂದುವರಿಸಬೇಕೆಂದು ತಂತಿ ಕೊಟ್ಟು ಹಡಗು ಹತ್ತಿದೆ. ಅವ್ವ ಹಡಗಿನ ಮೇಲಟ್ಟದಲ್ಲಿ ಕಂಬಿ ಹಿಡಿದು ನಿಂತು, ಹಾರುಮೀನು ಕಂಡಾಗಲೆಲ್ಲ ಸುತ್ತಲಿದ್ದವರನ್ನೆಲ್ಲ ಕರೆಯುತ್ತಿದ್ದಳು. ನಡುನಡುವೆ ಕೆಳಗಿಳಿದು ಬಂದು ನನ್ನ ಹಣೆ ಮುಟ್ಟಿ ನೋಡಿ, ಪಕ್ಕದ ಮಂಚದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು: "ನನ್ ಮಗ. ನನ್ಗೆ ತುಣೆಗೆ ಬಂದವ್ನೆ."