ಸಾರಿನ ಕಡೆ, ಪಲ್ಯದ ಕಡೆ

ಇಬ್ಬರು ವಾದ ಮಾಡುವ ಜಾಗದಲ್ಲಿ ಮೂರನೆಯವನು ಸುಮ್ಮನೆ ಕೂತಿದ್ದರೆ ಸಾಕು, ನಗುವಂಥದ್ದು ಏನಾದರೊಂದು ಅವನ ತಟ್ಟೆಗೆ ಬಂದು ಬೀಳುತ್ತಲೇ ಇರುತ್ತದೆ. ನನ್ನ ತಟ್ಟೆಗೆ ಬಿದ್ದವು ಇವು.

ಒಂದು ಮಾಮೂಲಿ ಮಂಗಳವಾರ

ಗುಬ್ಬಿಯ ನಮ್ಮ ಹೈಸ್ಕೂಲಿನಲ್ಲಿ ನಾವು ಏಳು ಜನ ಮೇಷ್ಟ್ರುಗಳು. ಸ್ಟಾಫ್ ರೂಮಿನಲ್ಲಿ ಎರಡು ಟೇಬಲ್ಲು ಜೋಡಿಸಿ ಒಂದು ಮಾಡಿಕೊಂಡಿದ್ದೆವು. ಮಧ್ಯಾಹ್ನ ಅದರ ಸುತ್ತ ಕೂತು ಡಬ್ಬಿ ಬಿಚ್ಚಿ ಹಂಚಿಕೊಂಡು ಊಟ ಮಾಡುವುದು ರೂಢಿ. ನಾನು ಸಮಾಜ ವಿಜ್ಞಾನದವನು. ನನ್ನ ಹೆಂಡತಿ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಮಗಳು ಮೈಸೂರಿನಲ್ಲಿ ಗಂಡನ ಮನೆಯಲ್ಲಿದ್ದಳು. ತುಮಕೂರಿನ ಮನೆಯಲ್ಲಿ ನಾನೊಬ್ಬನೇ. ದಿನಕ್ಕೆ ನಾನು ನಾಲ್ಕು ಜನರ ಜೊತೆ ಮಾತಾಡುತ್ತಿದ್ದದ್ದು ಆ ಅರ್ಧ ಗಂಟೆಯ ಊಟದಲ್ಲಿ ಮಾತ್ರ.

ಆ ಮಂಗಳವಾರ ವಿಶೇಷವೇನೂ ಇರಲಿಲ್ಲ. ಗಣಿತದ ಮೇಷ್ಟ್ರು ಮಜ್ಜಿಗೆ ಕುಡಿಯುತ್ತ, ಹಿಂದಿನ ದಿನ ಟೀವಿಯಲ್ಲಿ ನೋಡಿದ ಚರ್ಚೆಯ ಬಗ್ಗೆ ಒಂದು ಮಾತು ಹೇಳಿದರು. ಎದುರಿಗೆ ಕೂತಿದ್ದ ವಿಜ್ಞಾನದ ಮೇಡಂ, "ಅದೆಲ್ಲ ನಿಮ್ ಪಕ್ಷದೋರು ಕಟ್ಟಿರೋ ಕತೆ ಸಾರ್" ಅಂದರು. ಮಾತು ಬೆಳೆಯಿತು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

"ನೀವ್ ಹೇಳಿ ಸಾರ್, ನಾನ್ ಹೇಳಿದ್ದು ಸರಿನೋ ತಪ್ಪೋ?"

ನಾನು ಸ್ವಲ್ಪ ಯೋಚಿಸಿ, "ಇಬ್ಬರು ಹೇಳಿದ್ದರಲ್ಲೂ ಒಂದಷ್ಟು ಸರಿ ಇದೆ, ಒಂದಷ್ಟು ತಪ್ಪಿದೆ" ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇವರು ಜಾರ್ಕೊತಾವ್ರೆ" ಅಂದರು ಗಣಿತದವರು. "ಹೂಂ, ಜಾರ್ಕೊತಿದಾರೆ" ಅಂದರು ಮೇಡಂ.

ಆಮೇಲೆ ಒಂಬತ್ತು ತಿಂಗಳು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಅನ್ನದ ಡಬ್ಬಿ

ಮಾರನೆಯ ದಿನ ಬಂದು ನೋಡಿದರೆ ಟೇಬಲ್ಲುಗಳು ಬೇರೆಯಾಗಿದ್ದವು. ಒಂದು ಕಿಟಕಿಯ ಹತ್ತಿರ, ಇನ್ನೊಂದು ಬೀರುವಿನ ಹತ್ತಿರ. ಅಲ್ಲಿ ಮೂವರು, ಇಲ್ಲಿ ಮೂವರು. ನನ್ನ ಕುರ್ಚಿಯನ್ನು ಯಾರೂ ಮುಟ್ಟಿರಲಿಲ್ಲ. ಅದು ಇದ್ದ ಜಾಗದಲ್ಲೇ, ಎದುರಿಗೆ ಟೇಬಲ್ಲಿಲ್ಲದೆ, ರೂಮಿನ ನಡುವೆ ನಿಂತಿತ್ತು.

ಕುರ್ಚಿಗಿಂತ ಊಟದ್ದು ದೊಡ್ಡ ತೊಂದರೆಯಾಯಿತು. ನನಗೆ ಅನ್ನ ಮಾಡಲು ಬರುತ್ತದೆ, ಅಷ್ಟೇ ಬರುತ್ತದೆ. ಹೆಂಡತಿ ಹೋದಮೇಲೆ ನಾನು ಬರೀ ಅನ್ನದ ಡಬ್ಬಿ ತರುತ್ತಿದ್ದೆ. ಸಾರು ಗಣಿತದವರದು. ಅವರ ಮನೆ ಕುಣಿಗಲ್ಲಿನಲ್ಲಿ. ವಾರವೆಲ್ಲ ಗುಬ್ಬಿಯಲ್ಲಿ ರೂಮು ಮಾಡಿಕೊಂಡಿದ್ದು ತಾವೇ ಅಡಿಗೆ ಮಾಡುತ್ತಾರೆ. ಪಲ್ಯ ಮೇಡಂ ಅವರದು. ಅವರು ಕ್ಯಾತ್ಸಂದ್ರದಲ್ಲಿ ರೈಲು ಹತ್ತಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬರುವವರು. ಈಗ ಸಾರು ಕಿಟಕಿಯ ಕಡೆ ಹೋಯಿತು, ಪಲ್ಯ ಬೀರುವಿನ ಕಡೆ.

ಒಂದು ವಾರ ನಾನು ತಟ್ಟೆ ಹಿಡಿದು ಓಡಾಡಿದೆ. ಕಿಟಕಿಯ ಹತ್ತಿರ ಸಾರಿನ ಜೊತೆ ಅವರ ಪಕ್ಷದ ಸಾಧನೆಗಳನ್ನು ಬಡಿಸಿದರು. ಬೀರುವಿನ ಹತ್ತಿರ ಪಲ್ಯದ ಜೊತೆ ಆ ಸಾಧನೆಗಳಿಗೆಲ್ಲ ಉತ್ತರ ಬಡಿಸಿದರು. ಒಂದು ದಿನ ತಟ್ಟೆ ಹಿಡಿದು ನಡುವೆ ನಡೆಯುತ್ತಿದ್ದಾಗ ಅಟೆಂಡರಮ್ಮ ನೀರಿನ ಜಗ್ಗು ಇಡುತ್ತ ಕೇಳಿದಳು:

"ಏನ್ಸಾ, ಊಟ ಮುಗಿಯೋದ್ರೊಳಗೇ ಪಕ್ಷಾಂತರನಾ?"

ಕುಣಿಗಲ್ಲಿನ ಬೋರ್ಡು

ಒಂದು ಶನಿವಾರ ಗಣಿತದವರು ನನ್ನನ್ನು ತಮ್ಮೂರಿಗೆ ಕರೆದುಕೊಂಡು ಹೋದರು. ಮನೆಯಲ್ಲಿ ಒಬ್ಬನೇ ಕೂರುತ್ತಾನೆ ಅನ್ನುವ ಕನಿಕರ ಅರ್ಧ, ನನ್ನನ್ನು ಪೂರ್ತಿ ಕಿಟಕಿಯ ಕಡೆ ಎಳೆದುಕೊಳ್ಳುವ ಆಸೆ ಅರ್ಧ. ಕುಣಿಗಲ್ಲಿನಲ್ಲಿ ಬಸ್ಸಿಳಿದು ಒಂದು ಟೀ ಅಂಗಡಿಗೆ ಹೋದೆವು. ಅಲ್ಲಿ ಹೊಸ ಬೋರ್ಡು: "ಇಲ್ಲಿ ರಾಜಕೀಯ ಮಾತನಾಡಬಾರದು."

ಇದು ಒಳ್ಳೆಯ ಉಪಾಯ, ನಮ್ಮ ಸ್ಟಾಫ್ ರೂಮಿಗೂ ಒಂದು ಬರೆಸಿದರೆ ಟೇಬಲ್ಲು ಮತ್ತೆ ಕೂಡಬಹುದು ಅನ್ನಿಸಿತು. ಅಂಗಡಿಯವನನ್ನು, "ಇದರಿಂದ ಅನುಕೂಲ ಆಯ್ತೇನಪ್ಪಾ?" ಅಂತ ಕೇಳಿದೆ.

"ಎಲ್ ಬಂತು ಸಾರ್. ಬೋರ್ಡ್ ಹಾಕ್ದೆ. ಈ ಪಕ್ಷದೋರು ಬಂದು, 'ಏನ್ಲಾ, ಅವರು ಹೇಳಿ ಹಾಕಿಸಿದ್ರಾ?' ಅಂದ್ರು. ಆ ಪಕ್ಷದೋರು ಬಂದು, 'ಇವರಿಗೆ ಹೆದರ್ಕೊಂಡು ಹಾಕ್ದಾ?' ಅಂದ್ರು. ಬ್ಯಾಡ ಬುಡು ಅಂತ ಕಿತ್ ಹಾಕ್ದೆ. ಕೀಳ್ಸಿದ್ದು ಯಾರು ಅಂತ ಎರಡು ದಿನ ಜಗಳ. ಅದ್ಕೇ ತಿರ್ಗಾ ಹಾಕಿದೀನಿ."

"ಮತ್ತೆ ಈಗ?"

"ಈಗ ಹಿಂದ್ಗಡೆನೂ ಬರ್ಸಿದೀನಿ, ನೋಡಿ."

ಬೋರ್ಡನ್ನು ತಿರುಗಿಸಿ ತೋರಿಸಿದ. ಅಲ್ಲಿ ಬರೆದಿತ್ತು: "ಮಾತನಾಡುವವರು ಮೊದಲು ಟೀ ತೆಗೆದುಕೊಳ್ಳಬೇಕು."

"ಈ ಮಗ್ಗುಲಲ್ಲೇ ವ್ಯಾಪಾರ ಜಾಸ್ತಿ" ಅಂದ.

ಎರಡು ಕಾಲಮ್ಮು

ನಮ್ಮ ಶಾಲೆಯಲ್ಲಿ ಚರ್ಚಾ ಸ್ಪರ್ಧೆ ಇತ್ತು. ವಿಷಯ, ಮೊಬೈಲು ವರವೋ ಶಾಪವೋ. ತೀರ್ಪುಗಾರರು ಗಣಿತದವರು ಮತ್ತು ಮೇಡಂ. ನಾನು ಗಂಟೆ ಹೊಡೆಯುವವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಗಿತ್ತು. ನಡುವೆ ಮೂರು ಜನ ಕೂರುವಷ್ಟು ಜಾಗ ಬಿಟ್ಟಿದ್ದರು, ಆದರೂ ಬೆಂಚು ಒಂದೇ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದಳು. "ಪರವೋ ವಿರೋಧವೋ?" ಅಂತ ಕೇಳಿದೆ.

"ಎರಡೂ ಸಾರ್. ನಮ್ಮಮ್ಮ ಮೊಬೈಲ್ ನೋಡ್ಕೊಂಡೇ ಬ್ಲೌಸ್ ಹೊಲಿಯೋದು ಕಲಿತ್ರು. ನಮ್ಮಪ್ಪ ಮೊಬೈಲ್ ನೋಡ್ತಾ ನೋಡ್ತಾ ಡೈರಿಗೆ ಹಾಲು ಹಾಕೋದೇ ಮರೆತ್ರು. ನಮ್ಮನೇಲಿರೋದು ಒಂದೇ ಮೊಬೈಲು ಸಾರ್."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಅಂಕದ ಹಾಳೆಯಲ್ಲಿ ಇದ್ದದ್ದು ಎರಡೇ ಕಾಲಮ್ಮು. ಗಣಿತದವರು ಅವಳನ್ನು ವಿರೋಧ ಅಂತ ಹಾಕಿ, ವಿಷಯ ಬಿಟ್ಟು ಮಾತಾಡಿದಳು ಅಂತ ಅಂಕ ಕಳೆದರು. ಮೇಡಂ ಪರ ಅಂತ ಹಾಕಿ, ಅದೇ ಕಾರಣಕ್ಕೆ ಅಷ್ಟೇ ಅಂಕ ಕಳೆದರು. ನಾನು ಹೋಗಿ ಹೇಳಿಕೊಂಡಮೇಲೆ ಅವಳಿಗೆ ಸಮಾಧಾನಕರ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಕೊಟ್ಟರು.

ಅವಳು ಲೋಟ ಹಿಡಿದು ನನ್ನ ಹತ್ತಿರ ಬಂದಳು. "ಸಾರ್, ಇದು ನನ್ ಸಮಾಧಾನಕ್ಕಾ, ಅವರಿಬ್ಬರ ಸಮಾಧಾನಕ್ಕಾ?"

ಬಸ್ಸಾರು

ಹೆಂಡತಿಯ ವರ್ಷದ ಎಡೆ ಬಂತು. ಮಗಳು ಬಾಣಂತಿ, ಬರುವ ಹಾಗಿರಲಿಲ್ಲ. ನನ್ನವಳಿಗೆ ಇಷ್ಟವಾದದ್ದು ಹುರುಳಿಕಾಳಿನ ಬಸ್ಸಾರು, ಅದರ ಪಲ್ಯ, ಮುದ್ದೆ. ಮುದ್ದೆ ಮಾಡಲು ನಾದಿನಿ ಬರುತ್ತೇನೆ ಅಂದಳು. ಉಳಿದದ್ದಕ್ಕೆ ನಾನು ಬಹಳ ಯೋಚಿಸಿ ವ್ಯವಸ್ಥೆ ಮಾಡಿದೆ. ಯಾರಿಗೂ ಬೇಸರವಾಗದಂತೆ, ಬಸ್ಸಾರು ಮಾಡಿ ತನ್ನಿ ಅಂತ ಗಣಿತದವರಿಗೆ ಹೇಳಿದೆ, ಅದರ ಪಲ್ಯ ಮಾಡಿ ತನ್ನಿ ಅಂತ ಮೇಡಂಗೆ ಹೇಳಿದೆ.

ರಾತ್ರಿಯೊಳಗೆ ಇಬ್ಬರದೂ ಫೋನು ಬಂತು.

"ಸಾರ್, ಕಾಳು ಬೇಯಿಸಿ ಬಸಿದ್ರೆ ಕಟ್ಟಿನ ನೀರು ಸಾರಾಗ್ತದೆ, ಕಾಳು ಪಲ್ಯ ಆಗ್ತದೆ. ಸಾರು ನಾನ್ ತಂದ್ರೆ ಕಾಳು ಎಲ್ಲಿಗ್ ಕಳಿಸ್ಲಿ?" ಅಂದರು ಗಣಿತದವರು.

"ಎರಡೂ ಒಂದೇ ಪಾತ್ರೇಲಿ ಆಗೋದು ಸಾರ್. ಇಷ್ಟು ವರ್ಷ ಊಟ ಮಾಡಿದೀರ, ಗೊತ್ತಾಗ್ಲಿಲ್ವಾ?" ಅಂದರು ಮೇಡಂ.

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ಎರಡನ್ನೂ ಬೇರೆ ಬೇರೆ ಬಟ್ಟಲಲ್ಲಿ ಕೊಡುತ್ತಿದ್ದಳು.

ಬೇರೆ ದಾರಿಯಿಲ್ಲದೆ ಎಡೆಯ ದಿನ, ಭಾನುವಾರ ಬೆಳಿಗ್ಗೆ, ಇಬ್ಬರೂ ನಮ್ಮ ಅಡಿಗೆಮನೆಯಲ್ಲಿದ್ದರು. ಇಬ್ಬರಲ್ಲಿ ಒಬ್ಬರು ಎದ್ದು ಹೋದರೆ ಅವಳ ಎಡೆ ಅರ್ಧವಾಗುತ್ತದೆ ಅನ್ನುವ ಭಯ ನನಗೆ. ಮೊದಲು ನನ್ನ ಮೂಲಕವೇ ಮಾತು. "ಸಾರ್, ಉಪ್ಪು ಆ ಕಡೆ ಇಡಕ್ ಹೇಳಿ." "ಸಾರ್, ಬೆಳ್ಳುಳ್ಳಿ ನಾನೇ ಸುಲೀತೀನಿ ಅಂತ ಹೇಳಿ." ನಾನು ಮೂರಡಿ ದೂರಕ್ಕೆ ಎಲ್ಲವನ್ನೂ ಒಂದಕ್ಷರ ಬಿಡದೆ ತಲುಪಿಸಿದೆ. ಹಿಂದಿನ ದಿನವೇ ಕಾಳು ನೆನೆಹಾಕಬೇಕಿತ್ತು, ನಾನು ಮರೆತಿದ್ದೆ. ಅದನ್ನು ಮಾತ್ರ ಇಬ್ಬರಿಗೂ ಹೇಳುವ ಧೈರ್ಯ ಬರಲಿಲ್ಲ.

ಕಾಳನ್ನು ನಾನೇ ತೊಳೆದು ಕುಕ್ಕರಿಗೆ ಹಾಕಿ ಮುಚ್ಚಳ ಮುಚ್ಚಿಕೊಟ್ಟೆ. ಕುಕ್ಕರ್ ಒಲೆಗೆ ಏರಿತು. "ಮೂರು ಕೂಗು ಸಾಕು" ಅಂದರು ಗಣಿತದವರು.

"ಮೂರು ಸಾಕು ಅಂತ ಯಾರ್ರೀ ಹೇಳಿದ್ದು ನಿಮ್ಗೆ? ಐದು ಬೇಕು" ಅಂದರು ಮೇಡಂ. ಒಂಬತ್ತು ತಿಂಗಳಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತು.

"ಸಾರ್, ನೀವ್ ಹೇಳಿ, ಮೂರೋ ಐದೋ?" ಅಂತ ಗಣಿತದವರು ನನ್ನನ್ನು ಕೇಳಿದರು.

"ನಾಲ್ಕು" ಅಂದೆ.

"ನೀವ್ ಸುಮ್ನಿರಿ ಸಾರ್" ಅಂದರು ಇಬ್ಬರೂ.

"ನಿಮ್ ಪಕ್ಷದೋರ್ದು ಯಾವಾಗ್ಲೂ ಇದೇ ಆತುರ" ಅಂದರು ಮೇಡಂ. "ಬೇಯೋಕ್ಮುಂಚೆ ಬಡಿಸ್ಬಿಡ್ತಾರೆ."

"ನಿಮ್ಮೋರು ಬೇಯಿಸ್ತಾನೇ ಇರ್ತಾರೆ ಮೇಡಂ. ಬಡಿಸಿದ್ದು ನಾನಂತೂ ನೋಡಿಲ್ಲ."

ಅಲ್ಲಿಂದ ಮಾತು ತಾಲ್ಲೂಕು, ಜಿಲ್ಲೆ ದಾಟಿ ದೆಹಲಿ ತಲುಪಿತು. ಮೂರನೇ ಕೂಗನ್ನು ಗಣಿತದವರು ಗಮನಿಸಲಿಲ್ಲ, ಐದನೆಯದನ್ನು ಮೇಡಂ ಗಮನಿಸಲಿಲ್ಲ. ಎಣಿಸುತ್ತಿದ್ದವನು ನಾನೊಬ್ಬನೇ. ಒಂಬತ್ತನೇ ಕೂಗಿಗೆ ನಾದಿನಿ ಬಂದು ಗ್ಯಾಸ್ ಆರಿಸಿದಳು.

ಎಡೆ ಇಟ್ಟು, ಕೈಮುಗಿದು, ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಗಣಿತದವರ ಪಕ್ಕದಲ್ಲೇ ಮೇಡಂ ಕೂತರು, ಮಾತು ನಡೆದೇ ಇತ್ತು. ಜಗಳವಾಗದಿರಲಿ ಅಂತ ನಾನು ಅವರ ನಡುವೆ ಕೂರಲು ಹೋದೆ.

"ಸಾರ್, ಆ ತುದೀಗೆ ಕೂತ್ಕೊಳ್ಳಿ, ಅಡ್ಡ ಆಗ್ತೀರ" ಅಂದರು ಮೇಡಂ. "ಇನ್ನೂ ಮಾತು ಮುಗ್ದಿಲ್ಲ."

ನಾನು ತುದಿಯಲ್ಲಿ ಕೂತೆ. ಕಾಳು ಹದವಾಗಿ ಬೆಂದಿತ್ತು.